ಶಾಸ್ತ್ರಪಂಡಿತರೂ ನವೀನ ಸಂಶೋಧನೆಯೂ

ಗುರುಮುಖವಾಗಿ ಶಾಸ್ತ್ರಾಭ್ಯಾಸ ಮಾಡಿದ ನಮ್ಮ ಪಂಡಿತರಿಗೂ, ಆಂಗ್ಲೇಯ ವಿದ್ಯೆಯೊಡನೆ ಈ ದೇಶಕ್ಕೆ ಬಂದ ಸಂಶೋಧನ ಮಾರ್ಗಕ್ಕೂ ಇರುವ ಸಂಬಂಧವು ಇನ್ನೂರು ವರ್ಷಗಳಿಗೂ ಹಿಂದಿನದು. ಈ ಸಂಬಂಧವನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ಪಂಡಿತರಿಗೆ ಇತಿಹಾಸದೃಷ್ಟಿಯಿಲ್ಲ, ಕಂಠಸ್ಥವಾದುದನ್ನು ಒಪ್ಪಿಸುವುದಲ್ಲದೆ ಅವರಿಂದ ಹೊಸದೇನೂ ಸಾಧ್ಯವಾಗದು ಎಂಬುದು ಒಂದು. ಸಂಶೋಧಕರು ಗ್ರಂಥದ ಹೊರಮೈಯನ್ನು ಅಳೆಯಬಲ್ಲರೇ ಹೊರತು ಶಾಸ್ತ್ರಹೃದಯವು ಅವರಿಗೆ ದೊರೆಯದು ಎಂಬುದು ಮತ್ತೊಂದು. ಎರಡರಲ್ಲಿಯೂ ಸ್ವಲ್ಪ ಸತ್ಯಾಂಶವುಂಟು. ಆದರೆ ನಡೆದ ಸಂಗತಿಗಳನ್ನು ಕ್ರಮವಾಗಿ ನೋಡಿದರೆ ಈ ಎರಡಕ್ಕಿಂತಲೂ ಭಿನ್ನವಾದ ತತ್ತ್ವವೊಂದು ಹೊರಪಡುತ್ತದೆ. ಪಂಡಿತರ ಸ್ಮರಣಶಕ್ತಿಯನ್ನು ಮಾತ್ರ ಬಳಸಿಕೊಂಡು ಅವರ ವಿವೇಚನೆಯನ್ನು ಹೊರಗಿಟ್ಟ ಕಡೆಗಳಲ್ಲಿ ವಿದ್ಯೆಗೆ ಆದ ಲಾಭ ಅಲ್ಪ. ಅವರ ವಿವೇಚನೆಗೂ ಸ್ಥಾನವಿತ್ತ ಕಡೆಗಳಲ್ಲಿ ಆದ ಲಾಭ ಬಹಳ. ಈ ಮಾತನ್ನು ಕೆಲವು ನಿದರ್ಶನಗಳಿಂದ ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಈ ಸಂಬಂಧವು ಬೆಳೆದದ್ದು ವಿದ್ಯಾಶಾಲೆಯಲ್ಲಿ ಅಲ್ಲ, ನ್ಯಾಯಸ್ಥಾನದಲ್ಲಿ. ಹಿಂದೂಗಳ ದಾಯಭಾಗ, ವಿವಾಹ ಮೊದಲಾದ ವ್ಯವಹಾರಗಳನ್ನು ಅವರ ಧರ್ಮಶಾಸ್ತ್ರದಂತೆಯೇ ತೀರ್ಮಾನಿಸತಕ್ಕದ್ದೆಂದು ವಾರನ್ ಹೇಸ್ಟಿಂಗ್ಸನು ೧೭೭೨ರಲ್ಲಿ ಏರ್ಪಡಿಸಿದನು. ಇದಕ್ಕಾಗಿ ಬಂಗಾಳದ ಹನ್ನೊಂದು ಮಂದಿ ಪಂಡಿತರು ಸೇರಿ ‘ವಿವಾದಾರ್ಣವಸೇತು’ವೆಂಬ ಸಂಗ್ರಹವನ್ನು ರಚಿಸಿದರು. ಅದು ಮೊದಲು ಪಾರಸಿಗೆ, ಅಲ್ಲಿಂದ ಇಂಗ್ಲಿಷಿಗೆ ತಿರುಗಿ, ೧೭೭೬ರಲ್ಲಿ ಹ್ಯಾಲ್ಹೆಡ್ ಎಂಬವರ ಗ್ರಂಥವಾಗಿ ಪ್ರಕಟವಾಯಿತು. ತರುವಾಯ ವಿಲಿಯಂ ಜೋನ್ಸರ ಪ್ರೇರಣೆಯಿಂದ ಜಗನ್ನಾಥ ತರ್ಕಪಂಚಾನನರು ‘ವಿವಾದಭಂಗಾರ್ಣವ’ವೆಂಬ ದೊಡ್ಡ ನಿಬಂಧವನ್ನು ಬರೆದರು. ಅದರ ಭಾಷಾಂತರವು ೧೭೯೮ರಲ್ಲಿ ಹೊರಬಂದಾಗ ಮುಖಪತ್ರದಲ್ಲಿ ಜಗನ್ನಾಥರ ಹೆಸರು ಇದ್ದರೂ ವಕೀಲರ ಬಾಯಲ್ಲಿ ಅದು ಭಾಷಾಂತರಕಾರರಾದ ಕೋಲ್ಬ್ರುಕ್ಕರ ‘ಡೈಜೆಸ್ಟ್’ ಎಂದೇ ನಿಂತಿತು.

ಕೋರ್ಟಿನ ಪಂಡಿತನ ಕೆಲಸವೂ ಹೀಗೆಯೇ ಇದ್ದಿತು. ನ್ಯಾಯಾಧೀಶನು ಬರೆದು ಕಳುಹಿಸಿದ ಪ್ರಶ್ನೆಗೆ ಆತನು ವಚನಗಳನ್ನು ಉದಾಹರಿಸಿ ‘ವ್ಯವಸ್ಥೆ’ಯನ್ನು ಬರೆದುಕೊಡಬೇಕು. ತೀರ್ಪು ಆತನದಲ್ಲ. ಪಂಡಿತರ ಮಾತನ್ನು ನಂಬಲಾಗದೆಂಬ ಸಂಶಯವೇ ಜೋನ್ಸರು ಸಂಸ್ಕೃತವನ್ನು ಕಲಿಯಲು ಒಂದು ಕಾರಣವಾಯಿತೆಂಬುದು ಪ್ರಸಿದ್ಧವಾಗಿದೆ. ಬೇಕಾದ ವಚನಗಳೆಲ್ಲವೂ ಅಚ್ಚಾಗಿ, ಹಿಂದಿನ ತೀರ್ಪುಗಳೂ ಸಾಕಷ್ಟು ಸಂಗ್ರಹವಾದ ಮೇಲೆ, ೧೮೬೪ರಲ್ಲಿ ಈ ಹುದ್ದೆಯನ್ನೇ ತೆಗೆದುಹಾಕಿದರು. ಸ್ಮರಣಶಕ್ತಿಯೊಂದಕ್ಕಾಗಿಯೇ ಒಬ್ಬನನ್ನು ಇಟ್ಟುಕೊಂಡರೆ, ಆ ಸ್ಮರಣೆಯು ಪುಸ್ತಕಕ್ಕೆ ಇಳಿದ ದಿನ ಆತನು ಅನಾವಶ್ಯಕನಾಗುವನು. ಈ ಪಾಠವು ಮುಂದಿನ ಪ್ರಸಂಗಗಳಿಗೂ ಅನ್ವಯಿಸುತ್ತದೆ.

ವಿದ್ಯಾಶಾಲೆಗಳ ಕಡೆಗೆ ಬಂದರೆ, ಕಾಶಿಯಲ್ಲಿ ೧೭೯೧ರಲ್ಲಿ, ಪುಣೆಯಲ್ಲಿ ೧೮೨೧ರಲ್ಲಿ, ಕಲ್ಕತ್ತೆಯಲ್ಲಿ ೧೮೨೪ರಲ್ಲಿ ಸಂಸ್ಕೃತ ಕಾಲೇಜುಗಳು ಸ್ಥಾಪಿತವಾದುವು. ಆದರೆ ಎರಡು ವಿದ್ಯೆಗಳ ನಿಜವಾದ ಸಂಗಮವನ್ನು ಮೊದಲು ಕಾಣುವುದು ಭೋಪಾಲದ ಬಳಿಯ ಸೀಹೋರ್ ಎಂಬ ಚಿಕ್ಕ ಊರಿನಲ್ಲಿ. ಅಲ್ಲಿ ರಾಜಕೀಯ ಪ್ರತಿನಿಧಿಯಾಗಿದ್ದ ಲ್ಯಾನ್ಸೆಲಾಟ್ ವಿಲ್ಕಿನ್‌ಸನ್ ಎಂಬವರು, ಭೂಮಿಯು ಗೋಳಾಕಾರವೆಂಬುದನ್ನು ಹುಡುಗರಿಗೆ ಕಲಿಸಲು ಪರದೇಶದ ಪುಸ್ತಕವನ್ನು ಹಿಡಿಯದೆ ಭಾಸ್ಕರಾಚಾರ್ಯರ ‘ಸಿದ್ಧಾಂತಶಿರೋಮಣಿ’ಯನ್ನೇ ಹಿಡಿದರು. ಸ್ವಂತ ಶಾಸ್ತ್ರದಲ್ಲಿಯೇ ಇರುವ ಮಾತನ್ನು ಪಂಡಿತರು ಅಲ್ಲಗಳೆಯಲಾರರು. ಅಲ್ಲಿಂದ ಮುಂದಕ್ಕೆ ಕೋಪರ್ನಿಕಸನ ಮತಕ್ಕೆ ಹೋಗುವುದು ಸುಲಭ ಎಂಬುದು ಅವರ ಯುಕ್ತಿ.

ಆ ಶಾಲೆಯಿಂದ ಬಂದವರೇ ಬಾಪೂದೇವ ಶಾಸ್ತ್ರಿಗಳು. ಅವರು ೧೮೪೨ರಲ್ಲಿ ಕಾಶಿಯ ಸಂಸ್ಕೃತ ಕಾಲೇಜಿಗೆ ನಿಯಮಿತರಾದರು. ವಿಲ್ಕಿನ್‌ಸನ್ನರು ಬಿಟ್ಟುಹೋಗಿದ್ದ ಗೋಳಾಧ್ಯಾಯದ ಭಾಷಾಂತರವನ್ನು ತಿದ್ದಿದರು. ಸೂರ್ಯಸಿದ್ಧಾಂತವನ್ನು ತಾವೇ ಇಂಗ್ಲಿಷಿಗೆ ಪರಿವರ್ತಿಸಿ ೧೮೬೧ರಲ್ಲಿ ಪ್ರಕಟಿಸಿದರು. ಇದಕ್ಕಿಂತಲೂ ಗಮನಾರ್ಹವಾದುದು ೧೮೫೮ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಅವರ ಸಣ್ಣ ಲೇಖನ. ಗ್ರಹದ ತಾತ್ಕಾಲಿಕ ಗತಿಯನ್ನು ಸಾಧಿಸುವಲ್ಲಿ ಭಾಸ್ಕರರು ಚಲನಕಲನದ ಮೂಲತತ್ತ್ವವನ್ನು ಬಲ್ಲವರಾಗಿದ್ದರೆಂದು ಅವರು ಅಲ್ಲಿ ವಾದಿಸಿದರು. ಇಂಗ್ಲೆಂಡಿನ ಗಣಿತಜ್ಞ ಸ್ಪಾಟಿಸ್‌ವುಡ್ಡರು ಈ ವಾದವನ್ನು ಪರೀಕ್ಷಿಸಿ ಉತ್ತರ ಬರೆದರು. ವಾದದ ಬಲಾಬಲವು ಹೇಗೇ ಇರಲಿ. ಇಲ್ಲಿ ಪಂಡಿತರು ಪ್ರಶ್ನೆಗೆ ಉತ್ತರವೀಯುವವರಾಗಿ ಅಲ್ಲ, ಪ್ರಶ್ನೆಯನ್ನು ಎತ್ತುವವರಾಗಿ ನಿಂತರು. ಪೂರ್ವಪಕ್ಷ, ಸಮಾಧಾನಗಳೆಂಬ ನಮ್ಮ ಹಳೆಯ ಕ್ರಮವೇ ಹೊಸ ಸಭೆಯಲ್ಲಿ ನಡೆದಂತಾಯಿತು.

ಭಾಷೆಯ ತಡೆಯಿದ್ದರೂ ಇದು ಸಾಧ್ಯವೆಂಬುದಕ್ಕೆ ಜುನಾಗಢದ ಪಂಡಿತ ಭಗವಾನ್‌ಲಾಲ್ ಇಂದ್ರಜಿಯವರು (೧೮೩೯–೧೮೮೮) ಸಾಕ್ಷಿ. ತಂದೆಯ ಬಳಿಯಲ್ಲಿ ಸಂಸ್ಕೃತವನ್ನು ಕಲಿತ ಅವರು, ತಮ್ಮ ಊರಿನ ಮಗ್ಗುಲಲ್ಲಿದ್ದ ಗಿರಿನಾರಿನ ಬಂಡೆಯ ಲಿಪಿಯನ್ನು ಓದುವ ಹಂಬಲದಿಂದ ಪ್ರಾಚೀನ ಲಿಪಿಗಳನ್ನು ಅಭ್ಯಾಸ ಮಾಡಿದರು. ಮುಂಬಯಿಯ ಡಾಕ್ಟರ್ ಭಾವು ದಾಜಿಯವರ ಸಹಾಯಕರಾಗಿ ದೇಶವನ್ನೆಲ್ಲಾ ಸುತ್ತಿ ಶಾಸನಗಳನ್ನು ನಕಲು ಮಾಡಿದರು. ಆ ಕಾಲದಲ್ಲಿ ಅವರ ಶ್ರಮವು ಬಹುಮಟ್ಟಿಗೆ ಇತರರ ಲೇಖನಗಳೊಳಗೆ ಸೇರಿಹೋಯಿತು. ೧೮೭೪ರಲ್ಲಿ ಭಾವು ದಾಜಿಯವರು ತೀರಿಕೊಂಡ ಬಳಿಕ ಅವರು ಸ್ವತಂತ್ರವಾಗಿ ಬರೆಯತೊಡಗಿದರು. ಇಂಗ್ಲಿಷಿನಲ್ಲಿ ಬರೆಯುವ ರೂಢಿ ಅವರಿಗೆ ಇರಲಿಲ್ಲವಾದುದರಿಂದ ಗುಜರಾತಿಯಲ್ಲಿ ಬರೆದರು; ನೇಪಾಳದ ೨೩ ಶಾಸನಗಳನ್ನು ಕುರಿತ ಅವರ ಲೇಖನವನ್ನು ಡಾಕ್ಟರ್ ಬ್ಯೂಲರರಂಥ ಮಹಾವಿದ್ವಾಂಸರು ಇಂಗ್ಲಿಷಿಗೆ ತಿರುಗಿಸಿ, ಲೇಖಕರ ಹೆಸರಿನಲ್ಲಿಯೇ ಪ್ರಕಟಪಡಿಸಿದರು. ೧೮೮೪ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಒಂದೇ ಮನುಷ್ಯ, ಒಂದೇ ಪಾಂಡಿತ್ಯ. ಮೊದಲು ಅಜ್ಞಾತಸೇವೆ, ಆಮೇಲೆ ದೇಶಾಂತರದ ಗೌರವ. ನಡುವೆ ಬದಲಾದುದು ಅವರ ಯೋಗ್ಯತೆಯಲ್ಲ, ಅವರಿಗೆ ದೊರೆತ ಸ್ಥಾನ.

ಇನ್ನು ನಮ್ಮ ನಾಡಿನ ಪ್ರಸಂಗ. ಮೈಸೂರಿನಲ್ಲಿ ೧೮೯೧ರಲ್ಲಿ ಓರಿಯೆಂಟಲ್ ಲೈಬ್ರರಿ ಸ್ಥಾಪಿತವಾಯಿತು. ಓಲೆಗರಿಗಳನ್ನೂ ಕಾಗದದ ಕೋಶಗಳನ್ನೂ ಸಂಗ್ರಹಿಸುವುದು, ನಕಲು ಮಾಡಿಸುವುದು, ಮುದ್ರಿಸುವುದು ಅದರ ಕಾರ್ಯಗಳು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಹುಟ್ಟಿದಾಗ ಅದರ ಆಡಳಿತಕ್ಕೆ ಸೇರಿ, ೧೯೪೩ರಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಅರ್ಥದ ಈಗಿನ ಹೆಸರನ್ನು ಪಡೆಯಿತು. ಇಲ್ಲಿ ಲೈಬ್ರರಿಯನ್ ಆಗಿದ್ದವರು ಹಾಸನ ಜಿಲ್ಲೆಯ ಕಾವೇರೀತೀರದ ರುದ್ರಪಟ್ಟಣದಲ್ಲಿ ೧೮೬೮ರಲ್ಲಿ ಜನಿಸಿದ ಆರ್. ಶಾಮಶಾಸ್ತ್ರಿಗಳು. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ವಿದ್ವತ್ ಪರೀಕ್ಷೆಯನ್ನು ಮುಗಿಸಿ, ಮದರಾಸು ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನೂ ಪಡೆದಿದ್ದವರು ಅವರು.

ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಯ ಕಟ್ಟೊಂದನ್ನು ಲೈಬ್ರರಿಗೆ ತಂದೊಪ್ಪಿಸಿದರು. ಅದರೊಡನೆ ಭಟ್ಟಸ್ವಾಮಿಯೆಂಬವನ ವ್ಯಾಖ್ಯಾನದ ಒಂದು ತುಣುಕೂ ಇದ್ದಿತು. ಶಾಮಶಾಸ್ತ್ರಿಗಳು ಓದಿ ನೋಡಲಾಗಿ ಅದು ಹೆಸರು ಮಾತ್ರ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ. ೧೯೦೫ರಿಂದ ಅದರ ಭಾಗಗಳ ಭಾಷಾಂತರವು ಪತ್ರಿಕೆಗಳಲ್ಲಿ ಬರತೊಡಗಿತು. ೧೯೦೯ರಲ್ಲಿ ಮೂಲವು ಅಚ್ಚಾಯಿತು. ೧೯೧೫ರಲ್ಲಿ ಸಂಪೂರ್ಣವಾದ ಇಂಗ್ಲಿಷ್ ಭಾಷಾಂತರವು ಫ್ಲೀಟರ ಮುನ್ನುಡಿಯೊಡನೆ ಹೊರಬಂದಿತು. ಪ್ರಾಚೀನ ಭಾರತೀಯರಿಗೆ ಪಾರಮಾರ್ಥಿಕ ಚಿಂತೆಯಲ್ಲದೆ ರಾಜ್ಯತಂತ್ರದ ವಿಚಾರವೇ ಇರಲಿಲ್ಲವೆಂದು ಬರೆಯುತ್ತಿದ್ದವರು ಆಮೇಲೆ ಹಾಗೆ ಬರೆಯಲಾಗಲಿಲ್ಲ.

ಈ ಕಥೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುವುದು ಸಹಜ. ಆದರೆ ಇಲ್ಲಿ ವಿಚಾರಿಸಬೇಕಾದ ಸಂಗತಿಯೊಂದುಂಟು. ಓಲೆ ದೊರೆತದ್ದು ಅದೃಷ್ಟವಿರಬಹುದು. ಅದನ್ನು ಗುರುತಿಸಿದ್ದು ಅದೃಷ್ಟವಲ್ಲ. ದಂಡಿಯು ದಶಕುಮಾರಚರಿತೆಯಲ್ಲಿ, ವಿಷ್ಣುಗುಪ್ತನು ಮೌರ್ಯನಿಗಾಗಿ ದಂಡನೀತಿಯನ್ನು ಆರು ಸಾವಿರ ಶ್ಲೋಕಗಳ ಪರಿಮಾಣಕ್ಕೆ ಸಂಕ್ಷೇಪಿಸಿದನೆಂದು ಹೇಳಿರುವನು. ಬಾಣನು ಕಾದಂಬರಿಯಲ್ಲಿ ಕೌಟಿಲ್ಯನ ಶಾಸ್ತ್ರವನ್ನು ನಿರ್ದಯವಾದುದೆಂದು ನಿಂದಿಸಿರುವನು. ಕಾಮಂದಕನು ತನ್ನ ನೀತಿಸಾರದಲ್ಲಿ ಆ ಆಚಾರ್ಯನಿಗೆ ನಮಸ್ಕರಿಸಿರುವನು. ಕೈಗೆ ಬಂದ ಗ್ರಂಥವೂ ೧೫ ಅಧಿಕರಣ, ೧೫೦ ಅಧ್ಯಾಯ, ೧೮೦ ಪ್ರಕರಣ, ೬೦೦೦ ಶ್ಲೋಕಗಳ ಪರಿಮಾಣವೆಂದು ತನ್ನ ಲೆಕ್ಕವನ್ನು ತಾನೇ ಹೇಳಿಕೊಳ್ಳುತ್ತದೆ. ಇವೆಲ್ಲ ಒಬ್ಬನ ಮನಸ್ಸಿನಲ್ಲಿ ಒಂದೇ ಕಾಲಕ್ಕೆ ಕೂಡಬೇಕಾದರೆ ಆತನು ಕಾವ್ಯ, ಶಾಸ್ತ್ರ, ವ್ಯಾಖ್ಯಾನಗಳೊಳಗೆ ಬೆಳೆದವನಾಗಿರಬೇಕು. ಕೂಡಿದ ಮೇಲೆ ಅವನ್ನು ಪ್ರಮಾಣವಾಗಿ ಜೋಡಿಸಿ, ಲೋಕದ ವಿದ್ವಾಂಸರ ಮುಂದಿಡಬೇಕಾದರೆ ಸಂಶೋಧನೆಯ ಪದ್ಧತಿಯೂ ತಿಳಿದಿರಬೇಕು. ಶಾಸ್ತ್ರಿಗಳಲ್ಲಿ ಎರಡೂ ಇದ್ದುವು. ಮೂರನೆಯದಾಗಿ, ತಮ್ಮ ತೀರ್ಮಾನವನ್ನು ತಮ್ಮ ಹೆಸರಿನಲ್ಲಿ ಪ್ರಕಟಿಸುವ ಅಧಿಕಾರವೂ ಇದ್ದಿತು. ಈ ಮೂರನೆಯದು ಇಲ್ಲದಿದ್ದರೆ ಅವರು ಯಾವನೋ ಒಬ್ಬ ದೊರೆಯ ಮುನ್ನುಡಿಯಲ್ಲಿ ಕೃತಜ್ಞತೆಯ ಒಂದು ಸಾಲಾಗಿ ಉಳಿಯುತ್ತಿದ್ದರು.

ಅವರ ಕೆಲಸವು ಅಲ್ಲಿಗೆ ನಿಲ್ಲಲಿಲ್ಲ. ಒಂದೇ ಪ್ರತಿಯಿಂದ ಅಚ್ಚು ಮಾಡಿದ ಗ್ರಂಥದಲ್ಲಿ ಪಾಠಕ್ಲೇಶಗಳಿರುವುದು ಅನಿವಾರ್ಯ. ಬೇರೆ ಪ್ರತಿಗಳು ತಿಳಿದುಬಂದಂತೆ ತಿದ್ದುಪಡಿಗಳೊಡನೆ ೧೯೧೯ರಲ್ಲಿ ಎರಡನೆಯ ಮುದ್ರಣವಾಯಿತು. ಗ್ರಂಥದ ಪದಗಳೆಲ್ಲವನ್ನೂ ಅಕಾರಾದಿಯಾಗಿ ಸೂಚಿಸುವ ಪದಸೂಚಿಯನ್ನು ೧೯೨೪–೨೫ರಲ್ಲಿ ಮೂರು ಭಾಗಗಳಾಗಿ ಅವರೇ ಪ್ರಕಟಿಸಿದರು. ಇತ್ತ ತಿರುವನಂತಪುರದಲ್ಲಿ, ಭಾಸನವೆಂದು ಹೇಳುವ ನಾಟಕಗಳನ್ನು ೧೯೧೨ರಿಂದ ಬೆಳಕಿಗೆ ತಂದ ಮಹಾಮಹೋಪಾಧ್ಯಾಯ ಗಣಪತಿ ಶಾಸ್ತ್ರಿಗಳು ಅದೇ ೧೯೨೪–೨೫ರಲ್ಲಿ ಅರ್ಥಶಾಸ್ತ್ರವನ್ನು ತಮ್ಮ ‘ಶ್ರೀಮೂಲಾ’ ಎಂಬ ಸಂಸ್ಕೃತ ವ್ಯಾಖ್ಯಾನದೊಡನೆ ಮುದ್ರಿಸಿದರು. ಮುಂದೆ ೧೯೬೦ರಲ್ಲಿ ಮುಂಬಯಿಯಲ್ಲಿ ಆರ್. ಪಿ. ಕಾಂಗಲೆಯವರು ದೊರೆತ ಪ್ರತಿಗಳನ್ನೆಲ್ಲಾ ಹೋಲಿಸಿ ವಿಮರ್ಶಾತ್ಮಕ ಪಾಠವನ್ನು ಹೊರತಂದರು. ಗ್ರಂಥವು ಮೌರ್ಯರ ಕಾಲದ್ದೇ, ಅನಂತರದ್ದೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಈಚಿನ ಹಲವು ವಿದ್ವಾಂಸರು ಅದು ಈಗಿರುವ ರೂಪಕ್ಕೆ ಬಂದದ್ದು ಮೌರ್ಯರಿಗಿಂತ ಈಚೆಗೆ ಎಂದು ಎಣಿಸುವರು. ಇದರಿಂದ ಶಾಸ್ತ್ರಿಗಳ ಕೀರ್ತಿಗೆ ಕುಂದಿಲ್ಲ. ಚರ್ಚೆಗೆ ವಸ್ತುವನ್ನಿತ್ತು ತಾನೂ ಅದರಲ್ಲಿ ಭಾಗಿಯಾದವನೇ ಸಂಶೋಧಕನು.

ಇಲ್ಲಿ ಒಂದು ಬಲವಾದ ಆಕ್ಷೇಪವುಂಟು, ಅದನ್ನು ಮರೆಮಾಚಬಾರದು. ಪಂಡಿತನು ಗ್ರಂಥವನ್ನು ಓದುವುದು ಅದು ಹೇಗಿರಬೇಕೆಂಬ ದೃಷ್ಟಿಯಿಂದ; ಸಂಶೋಧಕನು ಓದುವುದು ಅದು ಹೇಗಿದ್ದಿತೆಂಬ ದೃಷ್ಟಿಯಿಂದ. ವ್ಯಾಕರಣಕ್ಕೆ ವಿರುದ್ಧವಾದ ರೂಪವು ಓಲೆಯಲ್ಲಿ ಕಂಡರೆ ಪಂಡಿತನ ಲೇಖನಿಯು ತಾನಾಗಿ ತಿದ್ದುತ್ತದೆ; ಹೀಗೆ ಎಷ್ಟೋ ಹಳೆಯ ರೂಪಗಳು ಅಳಿಸಿಹೋಗಿವೆ. ಆದುದರಿಂದ ಪಂಡಿತರನ್ನು ಸಂಶೋಧನೆಗೆ ಸೇರಿಸಿಕೊಳ್ಳುವುದು ಅಪಾಯ ಎಂದು ಕೆಲವರ ಮತ.

ಇದಕ್ಕೆ ಸಮಾಧಾನವು ಪುಣೆಯ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಮಹಾಭಾರತ ಕಾರ್ಯದಲ್ಲಿಯೇ ದೊರೆಯುತ್ತದೆ. ೧೯೧೯ರಲ್ಲಿ ಆರಂಭವಾಗಿ, ೧೯೨೫ರಿಂದ ವಿ. ಎಸ್. ಸುಕ್ಠಣಕರರ ಸಂಪಾದಕತ್ವದಲ್ಲಿ ಸ್ಥಿರವಾದ ಕ್ರಮವನ್ನು ಪಡೆದು, ೧೯೬೬ರಲ್ಲಿ ಮುಗಿದ ಆ ಮಹಾಕಾರ್ಯಕ್ಕಾಗಿ ಪರಿಶೀಲಿಸಿದ ಹಸ್ತಪ್ರತಿಗಳು ೧೨೫೯. ಶಾರದಾ, ನೇವಾರಿ, ಮೈಥಿಲಿ, ಬಂಗಾಳಿ, ದೇವನಾಗರಿ, ತೆಲುಗು, ಗ್ರಂಥ, ಮಲಯಾಳ ಮುಂತಾದ ಲಿಪಿಗಳ ಪ್ರತಿಗಳನ್ನು ಓದಿ, ಗೆರೆಹಾಕಿದ ಹಾಳೆಗಳ ಚೌಕಗಳಲ್ಲಿ ಶ್ಲೋಕದ ಒಂದೊಂದು ಅಕ್ಷರವನ್ನೂ ಇಟ್ಟು, ಅದರ ಕೆಳಗೆ ಪಾಠಾಂತರಗಳನ್ನು ಬರೆದವರು ಇದಕ್ಕಾಗಿಯೇ ತರಬೇತಾದ ಉತ್ತರ ದಕ್ಷಿಣ ದೇಶಗಳ ಶಾಸ್ತ್ರಿಗಳೂ ವಿಶ್ವವಿದ್ಯಾಲಯದ ಪದವೀಧರರೂ. ಪಾಣಿನೀಯಕ್ಕೆ ಒಪ್ಪದ ಆರ್ಷರೂಪವಿದ್ದಲ್ಲಿ ಅದನ್ನು ತಿದ್ದದೆ ಉಳಿಸಬೇಕೆಂಬುದು ಆ ಕಾರ್ಯದ ನಿಯಮಗಳಲ್ಲೊಂದು. ಏಕೆಂದರೆ ಕಷ್ಟವಾದ ರೂಪವನ್ನು ಲಿಪಿಕಾರರು ಸುಲಭ ಮಾಡುವರೇ ಹೊರತು ಸುಲಭವಾದುದನ್ನು ಕಷ್ಟ ಮಾಡುವುದು ವಿರಳ. ಆದರೆ ಇದು ಅಪಾಣಿನೀಯವೆಂದು ಕಂಡ ಕ್ಷಣದಲ್ಲಿಯೇ ಗುರುತಿಸಬಲ್ಲವನಾರು? ವ್ಯಾಕರಣವನ್ನು ರಕ್ತಗತ ಮಾಡಿಕೊಂಡವನೇ. ತಿದ್ದಲು ಪ್ರೇರಿಸುವ ಅದೇ ಜ್ಞಾನವು ತಡೆಹಿಡಿದಾಗ ಪ್ರಮಾಣವಾಗುತ್ತದೆ. ಬೇಕಾದುದು ಪಾಂಡಿತ್ಯದ ತ್ಯಾಗವಲ್ಲ. ಅದಕ್ಕೆ ಒಂದು ಹೊಸ ಸಂಯಮ.

ಇಷ್ಟಕ್ಕೂ ಪ್ರತಿಗಳನ್ನು ಹೋಲಿಸುವುದು ನಮಗೆ ಪರಕೀಯವಾದ ವಿದ್ಯೆಯಲ್ಲ. ಹದಿನೇಳನೆಯ ಶತಮಾನದ ನೀಲಕಂಠನು ಮಹಾಭಾರತಕ್ಕೆ ವ್ಯಾಖ್ಯಾನವನ್ನು ಬರೆಯುವಾಗ ನಾನಾ ದೇಶಗಳ ಕೋಶಗಳನ್ನು ತರಿಸಿ ಉತ್ತಮ ಪಾಠಗಳನ್ನು ನಿಶ್ಚಯಿಸಿದುದಾಗಿ ತಾನೇ ಹೇಳಿಕೊಂಡಿರುವನು. ಪಾಠಶಾಲೆಯಲ್ಲಿ ಓದಿದ ನಮ್ಮಂಥವರೆಲ್ಲರೂ ‘ಇತಿ ಪಾಠಾಂತರಮ್’ ಎಂಬುದನ್ನು ವ್ಯಾಖ್ಯಾನಗಳಲ್ಲಿ ಪದೇ ಪದೇ ಕಂಡವರೇ. ಕೊರತೆಯಿದ್ದದ್ದು ಪ್ರತಿಗಳ ವಂಶವನ್ನು ನಿರ್ಣಯಿಸಿ, ಯಾವುದು ಯಾವುದರಿಂದ ಬಂದಿತೆಂದು ತೋರಿಸುವ ಕ್ರಮದಲ್ಲಿ. ಬೀಜವು ನಮ್ಮದು, ಕೃಷಿಯ ಕ್ರಮವನ್ನು ಬೇರೆಯವರಿಂದ ಕಲಿತರೆ ತಪ್ಪೇನು?

ಹಸ್ತಪ್ರತಿಗಳ ವಿಷಯ ಹೀಗಾಯಿತು. ಶಾಸ್ತ್ರಾರ್ಥದ ವಿಷಯದಲ್ಲಿ ಪಂಡಿತನ ವಿವೇಚನೆಯನ್ನು ನೇರವಾಗಿ ಕೇಳಿದ ಪ್ರಸಂಗವು ಬಹು ತಡವಾಗಿ ಬಂದಿತು. ೧೯೮೩ರಲ್ಲಿ ಪುಣೆಯಲ್ಲಿ ದಯಾಕೃಷ್ಣ, ಎಂ. ಪಿ. ರೇಗೆ ಮೊದಲಾದ ತತ್ತ್ವಶಾಸ್ತ್ರಜ್ಞರು ನ್ಯಾಯ, ಮೀಮಾಂಸೆ ಮುಂತಾದ ಶಾಸ್ತ್ರಗಳ ಪಂಡಿತರನ್ನು ಸೇರಿಸಿ ಒಂದು ಗೋಷ್ಠಿಯನ್ನು ನಡೆಸಿದರು. ಬರ್ಟ್ರಂಡ್ ರಸೆಲ್ಲನು ವಾಕ್ಯಾರ್ಥವನ್ನು ಕುರಿತು ಎತ್ತಿದ ಪ್ರಶ್ನೆಗಳನ್ನು ಸಂಸ್ಕೃತದಲ್ಲಿ ನಿರೂಪಿಸಿ, ‘ಗದಾಧರನು ಏನೆಂದನು’ ಎಂದು ಕೇಳದೆ ‘ಈ ವಿಷಯದಲ್ಲಿ ತಮ್ಮ ಅಭಿಪ್ರಾಯವೇನು’ ಎಂದು ಕೇಳಿದರು. ಪಂಡಿತರು ನವ್ಯನ್ಯಾಯದ ಪರಿಭಾಷೆಯಲ್ಲಿ ಅದನ್ನು ಚರ್ಚಿಸಿದರು. ಆ ಸಂವಾದವು ೧೯೯೧ರಲ್ಲಿ ಗ್ರಂಥರೂಪವಾಗಿ ಬಂದಿದೆ. ಇದೇ ಪರಂಪರೆಯ ಮತ್ತೊಂದು ಸಭೆಯಲ್ಲಿ ಕಾಶಿಯ ಪಂಡಿತ ಬದರೀನಾಥ ಶುಕ್ಲರು, ಪ್ರತ್ಯೇಕವಾದ ಆತ್ಮವನ್ನು ಒಪ್ಪದೆ ದೇಹ ಮನಸ್ಸುಗಳಿಂದಲೇ ನ್ಯಾಯಶಾಸ್ತ್ರದ ವ್ಯವಸ್ಥೆಯನ್ನು ನಿರ್ವಹಿಸಬಹುದೇ ಎಂದು ತಾವೇ ಪಕ್ಷವೊಂದನ್ನು ಕಟ್ಟಿ ತೋರಿಸಿದರು. ಆಸ್ತಿಕ ನೈಯಾಯಿಕರೊಬ್ಬರು ಹೀಗೆ ಮಾಡಬಲ್ಲರೆಂದು ನಿರೀಕ್ಷಿಸಿದವರು ಕಡಿಮೆ. ಪಂಡಿತರಿಗೆ ಹೊಸ ಚಿಂತನೆ ಇಲ್ಲವೆಂಬ ಅಪವಾದಕ್ಕೆ, ಅವರನ್ನು ಯಾರೂ ಕೇಳಿರಲಿಲ್ಲವೆಂಬುದೇ ಅನೇಕ ವೇಳೆ ಉತ್ತರ.

ಹೀಗಿರಲು ಈಗ ಮಾಡತಕ್ಕದ್ದೇನು? ಒಂದನೆಯದು, ಹಸ್ತಪ್ರತಿಯ ಸಂಪಾದನೆಯಲ್ಲಿ ಶಾಸ್ತ್ರಪಂಡಿತನೊಬ್ಬನನ್ನೂ ಸಂಶೋಧಕನೊಬ್ಬನನ್ನೂ ಜೊತೆಯಾಗಿ ನೇಮಿಸಿ, ಇಬ್ಬರ ಹೆಸರನ್ನೂ ಮುಖಪತ್ರದಲ್ಲಿ ಸಮನಾಗಿ ಮುದ್ರಿಸಬೇಕು. ಕೃತಜ್ಞತೆಯ ಸಾಲು ಸಾಲದು. ಎರಡನೆಯದು, ಪಾಠಶಾಲೆಗಳ ಮೇಲ್ತರಗತಿಗಳಲ್ಲಿ ಲಿಪಿಶಾಸ್ತ್ರ, ಪಾಠಸಂಪಾದನೆ, ಕಾಲನಿರ್ಣಯ ಇವುಗಳನ್ನು ಶಾಸ್ತ್ರಾಭ್ಯಾಸಕ್ಕೆ ಬಾಧಕವಾಗದಂತೆ ಕಲಿಸಬೇಕು. ಮೂರನೆಯದು, ವಿಶ್ವವಿದ್ಯಾಲಯದಲ್ಲಿ ಸಂಸ್ಕೃತದ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಯು ಒಂದಾದರೂ ಶಾಸ್ತ್ರಗ್ರಂಥವನ್ನು ಪಂಡಿತರ ಬಳಿಯಲ್ಲಿ ಆದ್ಯಂತವಾಗಿ ಪಾಠ ಹೇಳಿಸಿಕೊಳ್ಳಬೇಕು. ಬೇಕಾದ ಪುಟವನ್ನು ಮಾತ್ರ ತೆರೆದು ಅರ್ಥ ಕೇಳಿ ಬರುವುದು ಅಧ್ಯಯನವಲ್ಲ. ನಾಲ್ಕನೆಯದು, ಭಗವಾನ್‌ಲಾಲರಿಗೆ ಬ್ಯೂಲರರು ಮಾಡಿದಂತೆ, ಇಂಗ್ಲಿಷು ಬಾರದ ಪಂಡಿತನ ವಿಚಾರವನ್ನು ಸಂಸ್ಕೃತದಲ್ಲಿಯೋ ಕನ್ನಡದಲ್ಲಿಯೋ ಬರೆಯಿಸಿ ಭಾಷಾಂತರಿಸುವ ಏರ್ಪಾಡು ಇರಬೇಕು.

ಇವು ಅವಸರದ ಕೆಲಸಗಳು. ೨೦೦೩ರಲ್ಲಿ ಭಾರತ ಸರ್ಕಾರವು ಹಸ್ತಪ್ರತಿಗಳಿಗಾಗಿ ರಾಷ್ಟ್ರೀಯ ಯೋಜನೆಯನ್ನು ಕೈಗೊಂಡ ಮೇಲೆ ಪಟ್ಟಿ ಮಾಡುವುದೂ ಛಾಯಾಪ್ರತಿ ತೆಗೆಯುವುದೂ ಸಾಗಿವೆ. ಓಲೆಯು ಹುಳು ತಿಂದು ಹೋದರೂ ಅದರ ಚಿತ್ರವು ಯಂತ್ರದಲ್ಲಿ ಉಳಿಯಬಹುದು. ಆದರೆ ತಿಗಳಾರಿ, ನಂದಿನಾಗರಿ, ಗ್ರಂಥ ಲಿಪಿಗಳನ್ನು ನಿರಾಯಾಸವಾಗಿ ಓದಿ, ಓದಿದುದು ಯಾವ ಶಾಸ್ತ್ರದ ಯಾವ ವಾದವೆಂದು ಹೇಳಬಲ್ಲವರು ದಿನೇ ದಿನೇ ವಿರಳರಾಗುತ್ತಿರುವರು. ಅವರ ಚಿತ್ರವನ್ನು ತೆಗೆದಿಟ್ಟು ಪ್ರಯೋಜನವಿಲ್ಲ. ಆ ವಿದ್ಯೆಯು ಮನುಷ್ಯನಿಂದ ಮನುಷ್ಯನಿಗೆ ಮಾತ್ರ ದಾಟುವಂಥದು. ಬಾಳಲು ಮಾರ್ಗವಿದೆಯೆಂದು ಕಂಡರೆ ಮಾತ್ರ ತರುಣನೊಬ್ಬನು ಹನ್ನೆರಡು ವರ್ಷ ತರ್ಕವನ್ನೋ ಮೀಮಾಂಸೆಯನ್ನೋ ಓದುವನು. ಆ ಮಾರ್ಗವನ್ನು ವಿಶ್ವವಿದ್ಯಾಲಯಗಳು ತೆರೆಯದಿದ್ದರೆ ಬೇರೆ ಯಾರು ತೆರೆಯಬಲ್ಲರು?

ಗೃಹಸ್ಥರಾದ ವಾಚಕರಿಗೂ ಇದರಲ್ಲಿ ಕರ್ತವ್ಯವುಂಟು. ನಮ್ಮ ಜಿಲ್ಲೆಯ ಹಳೆಯ ಮನೆಗಳ ಅಟ್ಟಗಳಲ್ಲಿ ಪೂಜೆಗೆ ಮಾತ್ರ ಇಳಿಯುವ ಓಲೆಯ ಕಟ್ಟುಗಳು ಇನ್ನೂ ಇರಬಹುದು. ಅವನ್ನು ಹೊಳೆಗೆ ಬಿಡದೆ, ಮಾರಿಬಿಡದೆ, ಬಲ್ಲವರಿಗೆ ತೋರಿಸಿರಿ. ಮೈಸೂರಿನ ಲೈಬ್ರರಿಗೆ ಓಲೆಯ ಕಟ್ಟೊಂದನ್ನು ತಂದಿತ್ತ ಆ ತಂಜಾವೂರಿನ ಪಂಡಿತರ ಹೆಸರು ಸಾಮಾನ್ಯ ವಾಚಕರಾರಿಗೂ ತಿಳಿಯದು. ಆದರೂ ಅವರ ಕೈಯಿಂದ ಬಂದುದು ಒಂದು ದೇಶದ ಇತಿಹಾಸವನ್ನೇ ತಿದ್ದಿತು. ತೋರಿಸುವಾಗ ಮತ್ತೊಂದು ಮಾತನ್ನೂ ನೆನಪಿನಲ್ಲಿಡಿರಿ. ನಿಮ್ಮೂರಿನ ವೃದ್ಧ ವಿದ್ವಾಂಸರನ್ನು ಇದರಲ್ಲಿ ಏನು ಬರೆದಿದೆಯೆಂದು ಮಾತ್ರ ಕೇಳಿ ಬಿಡಬೇಡಿರಿ. ಇದು ಸರಿಯೇ, ಇದಕ್ಕೆ ತಾವು ಏನು ಹೇಳುತ್ತೀರಿ ಎಂದೂ ಕೇಳಿರಿ. ಸಂಶೋಧನೆಯು ಆರಂಭವಾಗುವುದು ಆ ಎರಡನೆಯ ಪ್ರಶ್ನೆಯಿಂದ.